‘ಪುಢೇ ಚಲಾ’ ಅನ್ನುವ ಸಾಹೇಬರಿಗೆ ಸ್ಲೈಡ್ ತೋರಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯವಳು. ಐದು ವರ್ಷದಿಂದ ಪುಣೆಯ ಹತ್ತಿರ ಚಾಕಣ್‌ನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಗಾಡಿಗಳ ಇಂಜಿನ್‌ಗೆ ಬೇಕಾದ ಅಲ್ಯೂಮಿನಿಯಂ ಪಾರ್ಟ್ ಮಾಡುತ್ತೇವೆ. ಪ್ರತಿ ತಿಂಗಳ ರಿವ್ಯೂ ಮೀಟಿಂಗ್‌ನಲ್ಲಿ ರಿಜೆಕ್ಷನ್ ಬಗ್ಗೆ, ಅಂದರೆ ಕೆಟ್ಟು ತಿರಸ್ಕೃತವಾದ ಪೀಸ್‌ಗಳ ಬಗ್ಗೆ, ನಾನೇ ಪ್ರೆಸೆಂಟೇಶನ್ ಕೊಡಬೇಕು. ಎರಡು ರಾತ್ರಿ ಕೂತು 42 ಸ್ಲೈಡ್ ಮಾಡುತ್ತೇನೆ. ನಾಲ್ಕನೇ ಸ್ಲೈಡಿಗೇ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಪ್ಲಾಂಟ್ ಹೆಡ್ ಸಾಹೇಬರು ಬಸ್ ಕಂಡಕ್ಟರ್ ಥರ ‘ಪುಢೇ ಚಲಾ, ಪುಢೇ ಚಲಾ’ (ಮುಂದೆ ನಡೀರಿ) ಅನ್ನುತ್ತಾರೆ. ಕಳೆದ ಸಲ ಹನ್ನೊಂದನೇ ಸ್ಲೈಡಿಗೆ ನಿಲ್ಲಿಸಿಬಿಟ್ಟರು. ಮೂರನೇ ನಂಬರ್ ಡೈಯನ್ನು (ಪಾರ್ಟ್ ಎರಕ ಹೊಯ್ಯುವ ಅಚ್ಚು) ಎರಡು ಶಿಫ್ಟ್ ನಿಲ್ಲಿಸಿ ರಿಪೇರಿ ಮಾಡಬೇಕು ಅನ್ನುವ ಮುಖ್ಯ ವಿಷಯ 38ನೇ ಸ್ಲೈಡ್‌ನಲ್ಲಿತ್ತು, ಅಲ್ಲಿಗೆ ತಲುಪಲೇ ಇಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಅದಕ್ಕೇ ಎಲ್ಲವನ್ನೂ ಸ್ಲೈಡ್‌ನಲ್ಲೇ ಬರೆದುಕೊಂಡು ಓದುತ್ತೇನೆ. ಅನಿಮೇಷನ್ ಹಾಕಿದರೆ ಗಮನ ಕೊಡುತ್ತಾರಾ? ನನ್ನ ಒಂಬತ್ತನೇ ಸ್ಲೈಡ್ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೊದಲಿಗೆ ನಿಮ್ಮ ಸಾಹೇಬರ ಪರವಾಗಿ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ನೀವು ಸ್ಲೈಡ್ ಹಾಕಿದ ಕೂಡಲೇ ಅವರು ಓದಲು ಶುರು ಮಾಡುತ್ತಾರೆ. ಕಣ್ಣಲ್ಲಿ ಓದುವುದು ಬಾಯಿಬಿಟ್ಟು ಓದುವುದಕ್ಕಿಂತ ಬೇಗ ಮುಗಿಯುತ್ತದೆ, ಅಲ್ವಾ? ನೀವು ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವರು ಎಂಟನೇ ಸಾಲು ಮುಗಿಸಿ ಕೂತಿರುತ್ತಾರೆ. ಇನ್ನು ಅವರಿಗೆ ಅಲ್ಲಿ ಕೆಲಸವಿಲ್ಲ. ಬಸ್ಸಿನ ಬಾಗಿಲಲ್ಲಿ ಜನ ನೇತಾಡುತ್ತಿದ್ದಾರೆ, ಮುಂದೆ ಜಾಗ ಖಾಲಿ ಇದೆ, ಕಂಡಕ್ಟರ್ ಇನ್ನೇನು ಅಂದಾನು? ಮುಂಬಯಿಯ ಬೆಸ್ಟ್ ಬಸ್ಸಿನಲ್ಲಿ ಮೂವತ್ತು ವರ್ಷ ಈ ‘ಪುಢೇ ಚಲಾ’ ಕೇಳಿದವನು ನಾನು. ಅದರಲ್ಲಿ ಸಿಟ್ಟಿಗಿಂತ ಅವಸರ ಜಾಸ್ತಿ.

ಹಾಗಾದರೆ ತೊಂದರೆ ಎಲ್ಲಿ? ಇಂಗ್ಲಿಷ್‌ನಲ್ಲಂತೂ ಇಲ್ಲ. ನೀವೂ ಮಾತಾಡುತ್ತಿದ್ದೀರಿ, ಸ್ಲೈಡೂ ಮಾತಾಡುತ್ತಿದೆ, ಅದೂ ಒಂದೇ ಮಾತನ್ನು, ಒಂದೇ ಹೊತ್ತಿಗೆ. ಕೇಳುವವರ ತಲೆಯಲ್ಲಿ ಮಾತಿಗೆ ಇರುವ ಬಾಗಿಲು ಒಂದೇ. ಓದಿದ್ದೂ ಅದರಲ್ಲೇ ಒಳಗೆ ಬರಬೇಕು, ಕೇಳಿದ್ದೂ ಅದರಲ್ಲೇ ಬರಬೇಕು. ಚಿತ್ರಕ್ಕಾದರೆ ಬೇರೆ ಬಾಗಿಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಇದರ ಮೇಲೆ ಎಷ್ಟೋ ಪ್ರಯೋಗ ಮಾಡಿದ್ದಾರೆ. ಒಂದು ಗುಂಪಿಗೆ ಚಿತ್ರ ತೋರಿಸಿ, ವಿವರಣೆಯನ್ನು ಕಿವಿಗೆ ಕೇಳಿಸಿದರು. ಇನ್ನೊಂದು ಗುಂಪಿಗೆ ಅದೇ ಚಿತ್ರ, ಅದೇ ವಿವರಣೆ, ಜೊತೆಗೆ ಅದೇ ಮಾತು ಪರದೆಯ ಮೇಲೆ ಬರಹದಲ್ಲೂ ಇತ್ತು. ಎರಡನೆಯವರಿಗೆ ಜಾಸ್ತಿ ಅರ್ಥವಾಗಬೇಕಿತ್ತು ಅನ್ನಿಸುತ್ತದೆ. ಆದದ್ದು ಉಲ್ಟಾ.

ನನಗೆ ಮಾತ್ರ ಇದು ತಲೆಗೆ ಹೋದದ್ದು ಯಕ್ಷಗಾನದಿಂದ. ನಾನು ಕುಂದಾಪುರದ ಕಡೆಯವನು, ಈಗ ಡೊಂಬಿವಲಿಯಲ್ಲಿದ್ದೇನೆ. ಮಳೆಗಾಲದಲ್ಲಿ ಊರಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಮುಂಬಯಿಗೆ ಬರುತ್ತಾರೆ, ಇಲ್ಲಿಯ ಸಭಾಗೃಹಗಳಲ್ಲಿ ಆಟವೂ ತಾಳಮದ್ದಳೆಯೂ ನಡೆಯುತ್ತವೆ. ನಿಮ್ಮ ಕಡೆಯ ದೊಡ್ಡಾಟದಲ್ಲೂ ಹಿಮ್ಮೇಳ ಇದೆ, ಹಾಗಾಗಿ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ. ಪದ ಮುಗಿಯಿತು, ಚೆಂಡೆ ನಿಂತಿತು, ಆಮೇಲೆ ವೇಷಧಾರಿ ಅರ್ಥ ಹೇಳಲು ಶುರು ಮಾಡುತ್ತಾನೆ. ಅವನು ಮಾತಾಡುವಷ್ಟು ಹೊತ್ತು ಚೆಂಡೆಯವನು ಕೋಲು ಹಿಡಿದುಕೊಂಡು ಸುಮ್ನೆ ಇರುತ್ತಾನೆ. ನಿಮ್ಮ ಸ್ಲೈಡ್ ಹಿಮ್ಮೇಳ. ನೀವು ಮುಮ್ಮೇಳ. ಈಗ ಆಗಿರುವುದೇನೆಂದರೆ, ಭಾಗವತರೇ ಅರ್ಥವನ್ನೂ ಹೇಳಿ ಮುಗಿಸಿಬಿಟ್ಟಿದ್ದಾರೆ, ನೀವು ಕಿರೀಟ ಕಟ್ಟಿಕೊಂಡು ಬಂದು ಅದನ್ನೇ ಮತ್ತೆ ಒಪ್ಪಿಸುತ್ತಿದ್ದೀರಿ.

ನಿಮಗೆ ಬುದ್ಧಿ ಹೇಳುವ ನಾನೂ ಇದನ್ನು ಮರ್ಯಾದೆ ಕಳೆದುಕೊಂಡೇ ಕಲಿತವನು. ಹಲವು ವರ್ಷದ ಹಿಂದಿನ ಮಾತು. ನಮ್ಮ ಉಪನಗರದ ಒಂದು ಕನ್ನಡ ಸಂಘದಲ್ಲಿ ಹಿರಿಯರಿಗೆ ಬ್ಯಾಂಕ್ ಠೇವಣಿ, ನಾಮಿನೇಶನ್ ಇಂಥ ವಿಷಯ ಹೇಳಬೇಕಿತ್ತು. ಮನೆಯಲ್ಲಿ ಕೂತು ನುಡಿ ತಂತ್ರಾಂಶದಲ್ಲಿ ಹಳೇ ಫಾಂಟ್ ಬಳಸಿ ಮೂವತ್ತು ಸ್ಲೈಡ್ ಟೈಪ್ ಮಾಡಿದೆ. ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಹೋದೆ. ಸಭಾಗೃಹದ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ, ಆವರಣ ಚಿಹ್ನೆ. ಎದುರು ಸಾಲಿನ ಅಜ್ಜ ಒಬ್ಬರು ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಒರೆಸಿದರು, ಆಮೇಲೆ ‘ಇದು ಎಂಥ ಭಾಷೆ ಮಾರಾಯ್ರೇ?’ ಅಂದರು. ಎಲ್ಲರೂ ನಕ್ಕರು. ನನಗೆ ಬೆವರು. ಪ್ರೊಜೆಕ್ಟರ್ ಆರಿಸಿ, ಕುರ್ಚಿ ಎಳೆದುಕೊಂಡು, ನಮ್ಮ ಕಟ್ಟಡದಲ್ಲೇ ಒಬ್ಬರು ತೀರಿಕೊಂಡಾಗ ನಾಮಿನಿ ಹೆಸರು ಇಲ್ಲದೆ ಅವರ ಹೆಂಡತಿ ಬ್ಯಾಂಕಿಗೆ ಎಷ್ಟು ಸಲ ಅಲೆದರು ಅನ್ನುವುದರಿಂದ ಶುರು ಮಾಡಿದೆ. ಮುಕ್ಕಾಲು ಗಂಟೆ ಹೋದದ್ದು ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಚಹಾ ತಣ್ಣಗಾಯಿತು ಅಂತ ಅಡುಗೆಯವರು ಬಂದು ಬೈದರು. ಮನೆಗೆ ಬಂದು ಆ ಮೂವತ್ತು ಸ್ಲೈಡ್ ತೆರೆದು ನೋಡಿದೆ. ಆ ಹೆಂಗಸಿನ ಕಥೆ ಅದರಲ್ಲಿ ಎಲ್ಲೂ ಇರಲಿಲ್ಲ. ‘ನಾಮನಿರ್ದೇಶನದ ಪ್ರಯೋಜನಗಳು’ ಅಂತ ಏಳು ಬುಲೆಟ್ ಮಾತ್ರ ಇದ್ದವು.

(ನೀವೂ ಯಾವತ್ತಾದರೂ ಕನ್ನಡದಲ್ಲಿ ಸ್ಲೈಡ್ ಮಾಡಿದರೆ ಯೂನಿಕೋಡ್‌ನಲ್ಲೇ ಮಾಡಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅನ್ನುವ ಫಾಂಟ್ ಇದ್ದೇ ಇರುತ್ತದೆ, ಗೂಗಲ್‌ನ ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ. ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತದೆ. ಜೊತೆಗೆ ಒಂದು ಪಿಡಿಎಫ್ ಇಟ್ಟುಕೊಂಡಿರಿ. ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ.)

ಈಗ ನಿಮ್ಮ ಒಂಬತ್ತನೇ ಸ್ಲೈಡ್. ತಲೆಬರಹ ‘ರಿಜೆಕ್ಷನ್ ಅನಾಲಿಸಿಸ್ – ಅಕ್ಟೋಬರ್’. ಕೆಳಗೆ ಹದಿನಾಲ್ಕು ಸಾಲು, ಒಂಬತ್ತು ಕಾಲಂನ ಟೇಬಲ್. ಅದರ ಕೆಳಗೆ ನಾಲ್ಕು ಬುಲೆಟ್. ಬಲಕ್ಕೆ ಕಂಪನಿ ಲೋಗೋ, ಎಡಕ್ಕೆ ಸುರಕ್ಷತಾ ಸಪ್ತಾಹದ ಲೋಗೋ, ಮೂಲೆಯಲ್ಲಿ ಹೆಬ್ಬೆರಳು ಎತ್ತಿದ ಒಂದು ಹಳದಿ ಗೊಂಬೆ. ಗೊಂಬೆ ಯಾಕೆ ಬಂತು ಅಂತ ನಾನು ಕೇಳುವುದಿಲ್ಲ. ಖಾಲಿ ಜಾಗ ಕಂಡರೆ ನಮಗೆಲ್ಲ ಕೈ ಕಡಿಯುತ್ತದೆ.

ಆ ಟೇಬಲ್‌ನಲ್ಲಿ ಸುದ್ದಿ ಇದೆ, ಆದರೆ ಅಡಗಿ ಕೂತಿದೆ. ಕಂಪನಿಯ ಗುಟ್ಟು ಬೇಡ ಅಂತ ಲೆಕ್ಕ ಬದಲಿಸಿ ಹೇಳುತ್ತೇನೆ. ಆ ತಿಂಗಳು ಒಟ್ಟು 480 ಪೀಸ್ ರಿಜೆಕ್ಟ್ ಅಂತ ಇಟ್ಟುಕೊಳ್ಳಿ. ಅದರಲ್ಲಿ 240 ಒಂದೇ ಡೈಯಿಂದ, ಮೂರನೇ ನಂಬರಿನದ್ದರಿಂದ ಬಂದದ್ದು. ಹೆಚ್ಚುಕಡಿಮೆ ಎಲ್ಲವೂ ಬ್ಲೋ ಹೋಲ್, ಲೋಹದೊಳಗೆ ಗಾಳಿ ಸಿಕ್ಕಿ ಆದ ತೂತು. ಅಂದರೆ ಅರ್ಧ ರಿಜೆಕ್ಷನ್ ಒಂದೇ ಕಡೆಯಿಂದ! ಇದನ್ನು ನೀವು ಕ್ಯಾಂಟೀನ್‌ನಲ್ಲಿ ಗೆಳತಿಗೆ ಹೇಳುವಾಗ ಹೇಗೆ ಹೇಳುತ್ತೀರಿ? ‘ಅರ್ಧ ರಿಜೆಕ್ಷನ್ ಆ ಮೂರನೇ ಡೈಯಿಂದಲೇ ಬರ್ತದೆ ನೋಡು’ ಅಂತೀರಿ. ಅದೇ ನಿಮ್ಮ ತಲೆಬರಹ. ‘ರಿಜೆಕ್ಷನ್ ಅನಾಲಿಸಿಸ್’ ಅನ್ನುವುದು ಡಬ್ಬಿಯ ಮೇಲಿನ ಚೀಟಿ, ಒಳಗೇನಿದೆ ಅಂತ ಅದು ಹೇಳುವುದಿಲ್ಲ. ಇಂಗ್ಲಿಷ್‌ನಲ್ಲೇ ಬರೆಯಿರಿ, ಚಿಕ್ಕದಾಗಿ, ಕ್ರಿಯಾಪದ ಇರುವ ಒಂದು ಪೂರ್ತಿ ವಾಕ್ಯ. ಕೆಳಗೆ ಟೇಬಲ್ ಬೇಡ. ಐದು ಡೈಗೆ ಐದು ಕಂಬ. ನಾಲ್ಕು ಬೂದು ಬಣ್ಣ, ಮೂರನೆಯದು ಕೆಂಪು. ಕೆಂಪು ಕಂಬದ ನೆತ್ತಿಯ ಮೇಲೆ 240 ಅಂತ ದಪ್ಪ ಅಂಕಿ. ಲೋಗೋ ಮೊದಲ ಸ್ಲೈಡ್‌ನಲ್ಲಿ ಇದ್ದರೆ ಸಾಕು, ಮೀಟಿಂಗ್‌ನಲ್ಲಿ ಕೂತವರಿಗೆ ತಾವು ಯಾವ ಕಂಪನಿಯವರು ಅಂತ ಗೊತ್ತಿರುತ್ತದೆ. ಗೊಂಬೆಗೆ ರಜೆ ಕೊಡಿ.

ಈಗ ಈ ಸ್ಲೈಡ್ ಹಾಕಿದಾಗ ಒಂದು ಕೆಲಸ ಮಾಡಿ. ಮಾತಾಡಬೇಡಿ. ಮೂರು ನಾಲ್ಕು ಸೆಕೆಂಡ್ ಸುಮ್ನೆ ನಿಲ್ಲಿ. ಅವರು ನೋಡಲಿ, ಓದಲಿ. ಭಾಗವತರ ಪದ ಮುಗಿಯುವವರೆಗೆ ವೇಷಧಾರಿ ಬಾಯಿ ತೆರೆಯುತ್ತಾನಾ? ಮನೆಯಲ್ಲಿ ಅಭ್ಯಾಸ ಮಾಡುವಾಗ ಈ ನಾಲ್ಕು ಸೆಕೆಂಡ್ ನಾಲ್ಕು ನಿಮಿಷದ ಹಾಗೆ ಅನ್ನಿಸುತ್ತದೆ, ಭಯವಾಗುತ್ತದೆ. ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಅವರ ಕಣ್ಣು ಪರದೆಯಿಂದ ನಿಮ್ಮ ಕಡೆಗೆ ತಿರುಗುವುದು ಕಾಣಿಸುತ್ತದೆ. ಆಗ ಶುರು ಮಾಡಿ. ಪರದೆಯಲ್ಲಿ ಇಲ್ಲದ್ದನ್ನು ಹೇಳಿ: ಡೈಯೊಳಗಿನ ಗಾಳಿ ಹೊರಗೆ ಹೋಗುವ ದಾರಿ ಕಟ್ಟಿಕೊಂಡಿದೆ, ಗಾಳಿ ಲೋಹದೊಳಗೇ ಸಿಕ್ಕಿಬೀಳುತ್ತದೆ, ಅದೇ ಬ್ಲೋ ಹೋಲ್, ರಾತ್ರಿ ಶಿಫ್ಟ್‌ನವರು ಡೈಗೆ ಸ್ಪ್ರೇ ಜಾಸ್ತಿ ಹೊಡೆದು ಹೇಗೋ ದಿನ ತಳ್ಳುತ್ತಿದ್ದಾರೆ, ಅದರಿಂದ ಇನ್ನೂ ಕೆಡುತ್ತಿದೆ. ಇದೆಲ್ಲ ನೀವು ಪತ್ರದಲ್ಲಿ, ಇಲ್ಲಿ ಹಾಕದೆ ಬಿಟ್ಟ ಭಾಗದಲ್ಲಿ, ಎಷ್ಟು ಚೆನ್ನಾಗಿ ಬರೆದಿದ್ದೀರಿ! ಸ್ಲೈಡ್‌ನಲ್ಲಿ ಹುಡುಕಿದೆ, ಇಲ್ಲ.

ತಲೆಬರಹ ಅಷ್ಟೊಂದು ಮುಖ್ಯವಾ ಅಂತ ಕೇಳಬಹುದು. ಒಂದು ಸ್ಲೈಡ್‌ನ ಕಥೆ ಹೇಳುತ್ತೇನೆ. 2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮೇಲೆ ಹೋಯಿತು. ಹಾರಿದ ಸುಮಾರು 82 ಸೆಕೆಂಡಿಗೆ ಹೊರಗಿನ ಇಂಧನ ಟ್ಯಾಂಕ್‌ನಿಂದ ಒಂದು ಫೋಮ್ ತುಂಡು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಇಂಜಿನಿಯರುಗಳು ಲೆಕ್ಕ ಹಾಕಿ ನಾಸಾದವರಿಗೆ ಸ್ಲೈಡ್ ತೋರಿಸಿದರು. ಅದರಲ್ಲಿ ಒಂದರ ತಲೆಬರಹ ಓದಿದರೆ, ಪರೀಕ್ಷೆಯ ಲೆಕ್ಕ ಸುರಕ್ಷಿತ ಕಡೆಗೇ ಇದೆ, ಹೆದರಬೇಕಾಗಿಲ್ಲ ಅನ್ನಿಸುವ ಹಾಗಿತ್ತು. ಕೆಳಗೆ ಬುಲೆಟ್, ಅದರೊಳಗೆ ಬುಲೆಟ್, ಅದರೊಳಗೆ ಇನ್ನೊಂದು. ಎಲ್ಲಕ್ಕಿಂತ ಕೆಳಗೆ, ಚಿಕ್ಕ ಅಕ್ಷರದಲ್ಲಿ ನಿಜವಾದ ಸುದ್ದಿ ಕೂತಿತ್ತು: ಬಡಿದ ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನಲ್ಲಿ. ಭಾಗಿಸಿ ನೋಡಿ, 640 ಪಟ್ಟು. ಫೆಬ್ರವರಿ 1ರಂದು ನೌಕೆ ವಾಪಸು ಬರುವಾಗ ಒಡೆದುಹೋಯಿತು, ಏಳೂ ಜನ ಹೋದರು. ಸ್ಲೈಡ್‌ನಿಂದ ಅಪಘಾತ ಆಯಿತು ಅಂತ ಅಲ್ಲ, ಆದದ್ದು ರೆಕ್ಕೆಯ ತೂತಿನಿಂದ. ಆದರೆ ಆಮೇಲೆ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡನ್ನೇ ಎತ್ತಿ ತೋರಿಸಿತು. ಅಂಕಿಅಂಶಗಳನ್ನು ಚಿತ್ರದಲ್ಲಿ ತೋರಿಸುವ ಬಗ್ಗೆ ಪುಸ್ತಕ ಬರೆದ ಎಡ್ವರ್ಡ್ ಟಫ್ಟಿ ಅನ್ನುವವರು ಅದನ್ನು ಸಾಲು ಸಾಲಾಗಿ ಬಿಡಿಸಿ, ಇದನ್ನು ಓದಿದ ದೊಡ್ಡ ಅಧಿಕಾರಿಗೆ ಪ್ರಾಣಕ್ಕೆ ಅಪಾಯ ಇದೆ ಅಂತ ಯಾಕೆ ಗೊತ್ತಾಗಲಾರದು ಅನ್ನುವುದನ್ನು ವಿವರಿಸಿದ್ದಾರೆ.

ನಿಮ್ಮ 38ನೇ ಸ್ಲೈಡ್ ನೆನಪಾಯಿತಾ? ಡೈ ನಿಲ್ಲಿಸಬೇಕು ಅನ್ನುವ ಮಾತು ಅಲ್ಲಿತ್ತು.

ಅದನ್ನು ಎರಡನೇ ಸ್ಲೈಡಿಗೆ ತನ್ನಿ. ನಮಗೆ ಶಾಲೆಯಲ್ಲಿ ಕಲಿಸಿದ್ದು ಪೀಠಿಕೆ, ವಿಷಯ, ಉಪಸಂಹಾರ. ಮೀಟಿಂಗ್‌ಗೆ ಅದು ಸರಿಹೋಗುವುದಿಲ್ಲ. ಸಾಹೇಬರಿಗೆ ಮೊದಲು ಬೇಕಾದದ್ದು ‘ನನ್ನಿಂದ ಏನು ಆಗಬೇಕು?’ ಅನ್ನುವುದು. ‘ಮೂರನೇ ಡೈ ಎರಡು ಶಿಫ್ಟ್ ನಿಲ್ಲಿಸಲು ಇವತ್ತು ಒಪ್ಪಿಗೆ ಬೇಕು’ ಅಂತ ಮೊದಲೇ ಹೇಳಿಬಿಡಿ. ಅವರು ಹುಬ್ಬು ಗಂಟಿಕ್ಕುತ್ತಾರೆ. ‘ಕಾ?’ ಅನ್ನುತ್ತಾರೆ. ಯಾಕೆ ಅಂತ ಕೇಳಿದ ಮನುಷ್ಯ ಮೊಬೈಲ್ ನೋಡುವುದಿಲ್ಲ, ಉತ್ತರಕ್ಕೆ ಕಾಯುತ್ತಾನೆ. ಗಮನ ಸೆಳೆಯಲು ಬಣ್ಣ ಬೇಕು, ಸಂಗೀತ ಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಕೇಳುವವನ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿಸಿದರೆ ಅರ್ಧ ಕೆಲಸ ಮುಗಿಯಿತು.

ಉಳಿದ ಸ್ಲೈಡ್‌ಗಳನ್ನು ಎಸೆಯಿರಿ ಅಂತ ನಾನು ಹೇಳುವುದಿಲ್ಲ. ಎರಡು ರಾತ್ರಿ ನಿದ್ದೆ ಕೆಟ್ಟು ಮಾಡಿದ್ದೀರಿ, ಮತ್ತೆ ಯಾರಾದರೂ ‘ಜುಲೈದು ಎಷ್ಟಿತ್ತು?’ ಅಂತ ಕೇಳಿಯೇ ಕೇಳುತ್ತಾರೆ. ಮುಂದೆ ಆರೇಳು ಸ್ಲೈಡ್ ಇಡಿ, ಒಂದು ಖಾಲಿ ಕಪ್ಪು ಸ್ಲೈಡ್ ಹಾಕಿ, ಅದರ ಹಿಂದೆ ಮಿಕ್ಕದ್ದೆಲ್ಲ ಇರಲಿ. ಯಾವ ನಂಬರ್‌ನಲ್ಲಿ ಏನಿದೆ ಅಂತ ಒಂದು ಚೀಟಿಯಲ್ಲಿ ಪೆನ್ನಿನಲ್ಲಿ ಬರೆದು ಕೈಯಲ್ಲಿ ಇಟ್ಟುಕೊಳ್ಳಿ. ಸ್ಲೈಡ್ ಶೋ ನಡೆಯುತ್ತಿರುವಾಗಲೇ ಕೀಬೋರ್ಡ್‌ನಲ್ಲಿ 23 ಒತ್ತಿ ಎಂಟರ್ ಹೊಡೆದರೆ ಪವರ್‌ಪಾಯಿಂಟ್ ನೇರ 23ನೇ ಸ್ಲೈಡಿಗೆ ಹೋಗುತ್ತದೆ. ಈ ಒಂದು ವಿದ್ಯೆಗೆ ನನ್ನ ಟ್ರೈನಿಂಗ್‌ನಲ್ಲಿ ಜನ ಬಾಯಿ ಬಿಟ್ಟು ನೋಡುತ್ತಾರೆ. ಇನ್ನೊಂದು, ಬಿ ಅಕ್ಷರ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸು ಬರುತ್ತದೆ. ಮುಖ್ಯ ಮಾತು ಹೇಳುವಾಗ ಬಿ ಒತ್ತಿ ಎರಡು ಹೆಜ್ಜೆ ಮುಂದೆ ಬನ್ನಿ. ಚೆಂಡೆ ನಿಂತಿತು, ಈಗ ಅರ್ಥದ ಸರದಿ. ಬೆಳಕು ಹೋದ ಕೂಡಲೇ ಎಲ್ಲರೂ ತಲೆ ಎತ್ತುತ್ತಾರೆ, ಬೇಕಾದರೆ ನೋಡಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪವರ್‌ಪಾಯಿಂಟ್ ಎಲ್ಲ ಇರಲಿಲ್ಲ, ಓಎಚ್‌ಪಿ ಇತ್ತು. ಪಾರದರ್ಶಕ ಶೀಟ್ ಮೇಲೆ ಮಾರ್ಕರ್‌ನಲ್ಲಿ ಬರೆದು ಕೆಳಗಿನಿಂದ ಬೆಳಕು ಬಿಡುವ ಯಂತ್ರ. ಪವರ್‌ಪಾಯಿಂಟ್ ಕೂಡ 1987ರಲ್ಲಿ ಮೊದಲು ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಬಂದಾಗ ಇಂಥ ಶೀಟ್ ಮಾಡಿಕೊಳ್ಳುವುದಕ್ಕೇ ಬಂದದ್ದು, ಅದೂ ಕಪ್ಪು ಬಿಳುಪಿನಲ್ಲಿ. ಶೀಟಿಗೆ ದುಡ್ಡು ಕೊಡಬೇಕಿತ್ತು, ಸ್ಟೋರ್ಸ್‌ನವನು ಎಣಿಸಿ ಕೊಡುತ್ತಿದ್ದ. ಹತ್ತು ಕೇಳಿದರೆ ‘ಆರರಲ್ಲಿ ಮಾಡಿ’ ಅನ್ನುತ್ತಿದ್ದ. ಆ ಪುಣ್ಯಾತ್ಮನಿಂದ ಎಷ್ಟು ಜನ ಬಚಾವಾದರೋ! ಈಗ ಸ್ಲೈಡ್ ಪುಕ್ಕಟೆ, ಅದಕ್ಕೇ 42.

ಎಷ್ಟು ಸ್ಲೈಡ್ ಇರಬೇಕು ಅಂತ ನಿಯಮ ಹೇಳುವವರು ಬೇಕಾದಷ್ಟು ಇದ್ದಾರೆ. ಗೈ ಕವಾಸಾಕಿ ಅನ್ನುವವರ 10–20–30 ನೀವು ಕೇಳಿರಬಹುದು: ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಮೂವತ್ತಕ್ಕಿಂತ ಚಿಕ್ಕ ಅಕ್ಷರ ಬೇಡ. ಅದು ಹೊಸ ಕಂಪನಿಯವರು ಬಂಡವಾಳ ಕೇಳಲು ಹೋಗುವಾಗಿನ ಲೆಕ್ಕ, ನಿಮ್ಮ ರಿವ್ಯೂಗೆ ಪೂರ್ತಿ ಹೊಂದುವುದಿಲ್ಲ. ಮೂವತ್ತರ ಅಕ್ಷರ ಮಾತ್ರ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಅಷ್ಟು ದಪ್ಪ ಬರೆದರೆ ಜಾಸ್ತಿ ಬರೆಯಲು ಜಾಗವೇ ಸಿಗುವುದಿಲ್ಲ. ಲ್ಯಾಪ್‌ಟಾಪ್ ಟೇಬಲ್ ಮೇಲಿಟ್ಟು ಆರೇಳು ಹೆಜ್ಜೆ ಹಿಂದೆ ಹೋಗಿ ನೋಡಿ, ಓದಲು ಕಷ್ಟವಾದರೆ ಹಿಂದಿನ ಸಾಲಿನವರಿಗೂ ಕಷ್ಟ.

ಟೇಬಲ್ ಎಲ್ಲಿ ಹೋಗಬೇಕು? ಕಾಗದದಲ್ಲಿ. ಹದಿನಾಲ್ಕು ಸಾಲಿನ ಟೇಬಲ್ ಕೆಟ್ಟದ್ದಲ್ಲ, ಅದು ಕೈಯಲ್ಲಿ ಹಿಡಿದು ಓದುವ ವಸ್ತು. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಹಿಂದಿನ ದಿನ ಸಂಜೆಯೇ ಕಳಿಸಿ, ಇಲ್ಲವೇ ಎಕ್ಸೆಲ್ ಮೇಲ್ ಮಾಡಿ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ದೊಡ್ಡವರ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟನ್ನೇ ನಿಲ್ಲಿಸಿಬಿಟ್ಟರು. ಬದಲಿಗೆ ಆರು ಪುಟದವರೆಗಿನ ಬರಹ ತರಬೇಕು, ಮೀಟಿಂಗ್ ಶುರುವಾದಾಗ ಎಲ್ಲರೂ ಕೂತು ಸುಮ್ನೆ ಓದಬೇಕು, ಆಮೇಲೆ ಚರ್ಚೆ. ಚಾಕಣ್‌ನಲ್ಲಿ ಇದನ್ನು ಮಾಡಿಸುವಷ್ಟು ಅಧಿಕಾರ ನಿಮಗಿಲ್ಲ, ನನಗೂ ಇಲ್ಲ. ಓದುವುದು ಬೇರೆ, ನೋಡುವುದು ಬೇರೆ ಅನ್ನುವುದನ್ನು ಮಾತ್ರ ಅವರಿಂದ ಎತ್ತಿಕೊಳ್ಳಿ. ನಿಮ್ಮ ಸ್ಲೈಡ್ ಎರಡೂ ಆಗಲು ಹೋಗಿ ಎರಡೂ ಆಗುತ್ತಿಲ್ಲ.

ಇನ್ನು ಇಂಗ್ಲಿಷ್ ವಿಷಯ, ತಂಗಿ. ಇದನ್ನು ನೀವು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೀರಿ, ಆದರೆ ಅಸಲಿ ಭಯ ಇದೇ ಅಂತ ನನಗನ್ನಿಸಿತು. ಸ್ಲೈಡ್ ತುಂಬ ಬರೆದುಕೊಳ್ಳುವ ನೂರರಲ್ಲಿ ಮುಕ್ಕಾಲು ಜನ ಕೇಳುವವರಿಗಾಗಿ ಬರೆಯುವುದಿಲ್ಲ, ತಾವು ಮರೆತರೆ ಅಂತ ಬರೆಯುತ್ತಾರೆ. ನನ್ನ ಕಣ್ಣಂದಾಜು ಅದು. ಮರೆಯುವ ಭಯಕ್ಕೆ ಬೇರೆ ಮದ್ದಿದೆ. ಪವರ್‌ಪಾಯಿಂಟ್‌ನಲ್ಲಿ ಪ್ರೆಸೆಂಟರ್ ವ್ಯೂ ಅಂತ ಇದೆ: ಪರದೆಯಲ್ಲಿ ಸ್ಲೈಡ್ ಕಾಣುತ್ತದೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಿಮ್ಮ ಟಿಪ್ಪಣಿ, ಮುಂದಿನ ಸ್ಲೈಡ್, ಕಳೆದ ಹೊತ್ತು ಎಲ್ಲ ಕಾಣುತ್ತದೆ. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಯಾರು ಬೇಡ ಅಂತಾರೆ? ಪೂರ್ತಿ ವಾಕ್ಯ ಬರೆಯಬೇಡಿ, ಬರೆದರೆ ಮತ್ತೆ ಓದುತ್ತೀರಿ. ‘ಗಾಳಿ ದಾರಿ’, ‘ರಾತ್ರಿ ಶಿಫ್ಟ್ ಸ್ಪ್ರೇ’, ‘ಎರಡು ಶಿಫ್ಟ್’ ಅಷ್ಟೇ ಸಾಕು. ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿ. ಶುರುವಿನಲ್ಲೇ ನಾಲಿಗೆ ಒಣಗುವುದು, ಅಲ್ಲಿ ದಾಟಿದರೆ ಮುಂದೆ ದಾರಿ ತಾನೇ ಸಿಗುತ್ತದೆ.

ಮತ್ತೆ, ಆ ಕೋಣೆಯಲ್ಲಿ ಕೂತವರು ಯಾರು? ಟೂಲ್‌ರೂಮ್‌ನವರು, ಪ್ರೊಡಕ್ಷನ್‌ನವರು, ಮೇಂಟೆನೆನ್ಸ್‌ನವರು. ತಮ್ಮತಮ್ಮಲ್ಲಿ ಮರಾಠಿ, ಸ್ವಲ್ಪ ಹಿಂದಿ. ಐದು ವರ್ಷ ಚಾಕಣ್‌ನಲ್ಲಿದ್ದು ಶಾಪ್ ಫ್ಲೋರ್‌ನಲ್ಲಿ ನೀವು ಮರಾಠಿಯಲ್ಲೇ ಜಗಳ ಆಡುತ್ತಿರಬೇಕಲ್ಲ? ಹಾಗಿದ್ದ ಮೇಲೆ ಮೀಟಿಂಗ್‌ನಲ್ಲಿ ಮಾತ್ರ ಯಾಕೆ ಇಂಗ್ಲಿಷ್ ಅಂಗಿ ತೊಟ್ಟುಕೊಳ್ಳುತ್ತೀರಿ? ಸ್ಲೈಡ್ ಇಂಗ್ಲಿಷ್‌ನಲ್ಲಿರಲಿ, ಮಾತು ನಿಮಗೆ ಹೊರಳುವ ಹಿಂದಿ ಮರಾಠಿಯಲ್ಲಿರಲಿ. ಹೊರಗಿನ ಕಸ್ಟಮರ್ ಬಂದ ದಿನ ಬೇರೆ ಮಾತು, ಆವತ್ತು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಉಚ್ಚಾರ ಹೇಗಿದ್ದರೂ ‘240 ಪೀಸ್, ಒಂದೇ ಡೈ’ ಅನ್ನುವುದು ಜಪಾನಿನವನಿಗೂ ಅರ್ಥವಾಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಟ್ರೈನಿಂಗ್ ಕೊಡುವ ನಮ್ಮವರೇ ಕೆಲವರು, ಮಾತಿನ ಪರಿಣಾಮದಲ್ಲಿ ಶಬ್ದದ ಪಾಲು ಬರೀ 7 ಶೇಕಡಾ, ದನಿ 38, ಹಾವಭಾವ 55 ಅಂತ ಹೇಳಿ ನಿಮ್ಮ ಕೈಬೀಸು ತಿದ್ದಲು ಕೂರುತ್ತಾರೆ. ಆ ಅಂಕಿ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಬಿಡಿಬಿಡಿ ಪದಗಳನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಹೇಳುವವರಿಗೆ ಇಷ್ಟವೋ ಅನಿಷ್ಟವೋ ಅನ್ನುವುದನ್ನು ಊಹಿಸಲು ಕೇಳಿದ್ದರು. ರಿಜೆಕ್ಷನ್ ರಿಪೋರ್ಟ್‌ಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲದಕ್ಕೂ ಇದನ್ನು ಅಂಟಿಸಬೇಡಿ ಅಂತ ಅವರೇ ಹೇಳಿದ್ದಾರೆ. ನೀವು ಕೈ ಹೇಗಾದರೂ ಇಟ್ಟುಕೊಳ್ಳಿ, ಪರದೆಗೆ ಮುಖ ಮಾಡಿ ಅವರಿಗೆ ಬೆನ್ನು ತೋರಿಸಬೇಡಿ, ಅಷ್ಟೇ.

ಅನಿಮೇಷನ್ ಬಗ್ಗೆ ಕೇಳಿದ್ದೀರಿ. ತಿರುಗುತ್ತಾ ಬರುವ ಅಕ್ಷರ, ಹಾರಿ ಬರುವ ಬಾಣ, ಟಪ್ ಅನ್ನುವ ಸದ್ದು ಬೇಡವೇ ಬೇಡ. ಬರೀ ಒಂದನ್ನು ಬಳಸಿ, ಅಪಿಯರ್. ಮೊದಲು ನಾಲ್ಕು ಬೂದು ಕಂಬ ಕಾಣಲಿ. ‘ಇವು ಸರಿ ಇವೆ’ ಅನ್ನಿ. ಆಮೇಲೆ ಒತ್ತಿ, ಕೆಂಪು ಕಂಬ ಬರಲಿ. ನಮ್ಮ ಆಟದಲ್ಲಿ ಬಣ್ಣದ ವೇಷ ಮೊದಲೇ ಎದುರಿಗೆ ಬಂದು ನಿಲ್ಲುವುದಿಲ್ಲ. ಒಳಗಿಂದ ಆರ್ಭಟ ಕೇಳಿಸಿ, ತೆರೆಯ ಹಿಂದೆ ಕುಣಿದು, ಮಕ್ಕಳೆಲ್ಲ ಅಮ್ಮನ ಸೆರಗು ಹಿಡಿದುಕೊಂಡ ಮೇಲೆ ತೆರೆ ಸರಿಯುತ್ತದೆ. ಅಷ್ಟು ಆಟ ನಿಮ್ಮ ಕೆಂಪು ಕಂಬಕ್ಕೂ ಸಲ್ಲುತ್ತದೆ.

ಆದರೆ ಅನಿಮೇಷನ್‌ಗಿಂತ ಸಾವಿರ ಪಾಲು ಒಳ್ಳೆಯದು ನಿಮ್ಮ ಕೈಯಲ್ಲೇ ಇದೆ, ಮತ್ತು ನಿಮಗೆ ಅದು ಹೊಳೆಯದೇ ಇರುವುದು ನನಗೆ ಆಶ್ಚರ್ಯ. ಕೆಟ್ಟ ಪೀಸ್! ಮೂರನೇ ಡೈಯ ಒಂದು ರಿಜೆಕ್ಟ್ ಪೀಸ್ ತೆಗೆದುಕೊಳ್ಳಿ. ಬ್ಲೋ ಹೋಲ್ ಕಾಣುವ ಹಾಗೆ ಕತ್ತರಿಸಿಸಿ, ಅಂಚು ಉಜ್ಜಿಸಿ, ಯಾರ ಕೈಯೂ ಕೊಯ್ಯಬಾರದು. ಒಂದು ಸರಿಯಾದ ಪೀಸನ್ನೂ ಹಾಗೇ ಕತ್ತರಿಸಿಸಿ. ಮೀಟಿಂಗ್‌ನಲ್ಲಿ ಬಿ ಒತ್ತಿ ಪರದೆ ಆರಿಸಿ, ಎರಡನ್ನೂ ಸಾಹೇಬರ ಎದುರಿಗೆ ಇಡಿ, ಏನೂ ಹೇಳಬೇಡಿ. ಅವರು ಎತ್ತಿ ನೋಡುತ್ತಾರೆ. ಕನ್ನಡಕ ಹಣೆಗೇರಿಸಿ ನೋಡುತ್ತಾರೆ, ಉಗುರಿನಿಂದ ಆ ತೂತು ಕೆರೆಯುತ್ತಾರೆ, ಪಕ್ಕದವರಿಗೆ ಕೊಡುತ್ತಾರೆ. ಅದು ಟೇಬಲ್ ಸುತ್ತ ಬರುವಷ್ಟು ಹೊತ್ತು ಒಬ್ಬರ ಮೊಬೈಲೂ ಮೇಲೆ ಬರುವುದಿಲ್ಲ, ಕೈ ಖಾಲಿ ಇದ್ದರೆ ತಾನೇ? ಪೀಸ್ ಸುತ್ತು ಹೊಡೆಯುವಾಗ ನೀವು ಮುಂದಿನ ವಿಷಯಕ್ಕೆ ಹೋಗಬೇಡಿ. ಅದು ವಾಪಸು ನಿಮ್ಮ ಕೈಗೆ ಬರಲಿ.

ಊಟದ ನಂತರದ ಸರದಿ ಕೊಟ್ಟರೆ ಊಟಕ್ಕೆ ಮುಂಚೆ ಮಾಡಿಕೊಡಿ ಅಂತ ಕೇಳಿಕೊಳ್ಳಿ, ಕೇಳುವುದರಲ್ಲಿ ತಪ್ಪಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿಯೇ ಮುಚ್ಚಿ ಮಲಗುವ ಊರು ಅಂತ ಪುಣೆಗೆ ಹೆಸರಿದೆ, ಆ ಹೊತ್ತಿನಲ್ಲಿ ಚೆಂಡೆ ಬಡಿದರೂ ಜನ ಏಳುವುದಿಲ್ಲ. ಹತ್ತು ನಿಮಿಷ ಮೊದಲೇ ಹೋಗಿ ವಯರ್ ಚುಚ್ಚಿ ನೋಡಿ. ವಾಟ್ಸಾಪ್ ವೆಬ್ ಮುಚ್ಚಿ, ಇಲ್ಲದಿದ್ದರೆ ಕೆಂಪು ಕಂಬದ ಪಕ್ಕದಲ್ಲಿ ಅಮ್ಮನ ‘ಊಟ ಆಯ್ತೇನವಾ?’ ಬಂದು ಕೂರುತ್ತದೆ. ಅದಕ್ಕೆ ಸಿಗುವ ಗಮನ ನಿಮ್ಮ ಯಾವ ಸ್ಲೈಡಿಗೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸಾಹೇಬರು ‘ಪುಢೇ ಚಲಾ’ ಅಂದರೆ ಹೋಗಿಬಿಡಿ, ಸಂತೋಷವಾಗಿ. ನಿಮ್ಮ ಬೇಡಿಕೆ ಎರಡನೇ ಸ್ಲೈಡ್‌ನಲ್ಲೇ ಆಗಿಹೋಗಿದೆ. ಮತ್ತೆ, ಆ ಪೀಸನ್ನು ರಿಜೆಕ್ಟ್ ಹಾಕುವ ಕೆಂಪು ಬಿನ್‌ನಿಂದ ತೆಗೆಯುವಾಗ ರಿಜಿಸ್ಟರ್‌ನಲ್ಲಿ ಬರೆದು ಸಹಿ ಮಾಡಿಯೇ ತೆಗೆಯಿರಿ. ಇಲ್ಲದಿದ್ದರೆ ಒಟ್ಟು ಲೆಕ್ಕದಲ್ಲಿ ಒಂದು ಕಡಿಮೆ ಯಾಕೆ ಅಂತ ಪ್ರೊಡಕ್ಷನ್‌ನವರು ಅದೇ ಮೀಟಿಂಗ್‌ನಲ್ಲಿ ಹಿಡಿದುಕೊಳ್ಳುತ್ತಾರೆ.